ಲೇಬಲ್ ಇಲ್ಲದ ಸೀಸೆಯಲ್ಲಿ ಯಾವ ಅಣುವಿದೆ? ಸ್ಪೆಕ್ಟ್ರಮ್ ಓದಿ ಪತ್ತೆ ಮಾಡಿ

ಸೀಸೆಯಲ್ಲಿ ಬಣ್ಣವಿಲ್ಲದ ದ್ರವವಿದೆ. ಲೇಬಲ್ ಇಲ್ಲ. ಮೂಸಿ ನೋಡಿ ಊಹಿಸುವ ಕೆಲಸ ಬೇಡ, ಅದು ಅಪಾಯ. ಮೂರು ಸ್ಪೆಕ್ಟ್ರಮ್ (ಯಂತ್ರ ಬರೆದುಕೊಡುವ ಪೀಕ್‌ಗಳ ನಕ್ಷೆ) ತೆಗೆಸಿ: ಮಾಸ್ (ಅಣು ಮತ್ತು ಅದರ ಚೂರುಗಳ ತೂಕ), ಐಆರ್ (ಇನ್‌ಫ್ರಾರೆಡ್ ಬೆಳಕನ್ನು ಹೀರುವ ಬಗೆ), ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ನ್ಯೂಕ್ಲಿಯಸ್ ಕೊಡುವ ಸಿಗ್ನಲ್). ಅಣುವಿನ ತೂಕ ಎಷ್ಟು, ಅದರಲ್ಲಿ ಯಾವ ಗುಂಪುಗಳಿವೆ, ಯಾರ ಪಕ್ಕ ಯಾರಿದ್ದಾರೆ ಎಂಬುದನ್ನು ಇವು ಇದೇ ಕ್ರಮದಲ್ಲಿ ಹೇಳುತ್ತವೆ. ಬಹಳ ವಿದ್ಯಾರ್ಥಿಗಳು ನೇರ ಎನ್‌ಎಂಆರ್‌ಗೆ ಹಾರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅಣುಸೂತ್ರ ಕೈಗೆ ಬರಲಿ.

ತೂಕ ನೋಡಿ. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಪೀಕ್ 43ರಲ್ಲಿದೆ. ಆದರೆ ಅದು ಒಡೆದ ಚೂರು, ಪೂರ್ತಿ ಅಣುವಲ್ಲ. ಬಲತುದಿಯಲ್ಲಿ 88ರ ಹತ್ತಿರ ಒಂದು ಪುಟ್ಟ ಪೀಕ್ ಇದೆ. ಇಡೀ ಅಣುವಿನ ತೂಕ ಅದೇ. ಹೆಚ್ಚು ನಿಖರವಾದ ಯಂತ್ರ 88.052 ಎಂದು ತೋರಿಸಿದರೆ 4 ಕಾರ್ಬನ್, 8 ಹೈಡ್ರೋಜನ್, 2 ಆಕ್ಸಿಜನ್ ಎಂದರ್ಥ. 88.089 ಬಂದಿದ್ದರೆ ಅದು 5 ಕಾರ್ಬನ್, 12 ಹೈಡ್ರೋಜನ್, 1 ಆಕ್ಸಿಜನ್ ಇರುವ ಬೇರೆಯೇ ವಸ್ತು.

ಹೈಡ್ರೋಜನ್ ಎಣಿಸಿ. 4 ಕಾರ್ಬನ್‌ಗೆ ಜಾಸ್ತಿಯೆಂದರೆ 10 ಹೈಡ್ರೋಜನ್ ಹಿಡಿಸುತ್ತವೆ. ಇಲ್ಲಿರುವುದು 8. ಎರಡು ಕಮ್ಮಿ ಇದೆ ಎಂದರೆ ಒಂದು ದ್ವಿಬಂಧ ಅಥವಾ ಒಂದು ಉಂಗುರ ಇರಲೇಬೇಕು.

ಐಆರ್ ಓದಿ. ತರಂಗಸಂಖ್ಯೆ 1740ರ ಆಸುಪಾಸು ಬಲವಾದ ಪೀಕ್ ಇದೆ. ಅದು ಕಾರ್ಬನ್ ಮತ್ತು ಆಕ್ಸಿಜನ್ ನಡುವಿನ ದ್ವಿಬಂಧ. 2500ರಿಂದ 3300ರವರೆಗೆ ಅಗಲವಾದ ಪಟ್ಟಿ ಇಲ್ಲ. ಹಾಗಾಗಿ ಇದು ಆಮ್ಲವಲ್ಲ, ಬ್ಯುಟನೋಯಿಕ್ ಆಮ್ಲ ಪಟ್ಟಿಯಿಂದ ಹೊರಗೆ. 1240ರ ಬಳಿ ಇನ್ನೊಂದು ಬಲವಾದ ಪೀಕ್ ಇರುವುದರಿಂದ ಎಸ್ಟರ್ (ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆಗುವ ವಸ್ತು) ಅನ್ನಬಹುದು. 1500ಕ್ಕಿಂತ ಕೆಳಗಿನ ಪ್ರತಿ ಸಣ್ಣ ಪೀಕಿಗೂ ಸುಮ್ನೆ ಅರ್ಥ ಹುಡುಕುತ್ತಾ ಕೂರಬೇಡಿ.

ಈ ಸೂತ್ರಕ್ಕೆ ನಾಲ್ಕೇ ಎಸ್ಟರ್‌ಗಳು ಸಾಧ್ಯ: ಈಥೈಲ್ ಅಸಿಟೇಟ್, ಮೀಥೈಲ್ ಪ್ರೊಪನೋಯೇಟ್ ಮತ್ತು ಎರಡು ಬಗೆಯ ಪ್ರೊಪೈಲ್ ಫಾರ್ಮೇಟ್.

ಈಗ ಪ್ರೋಟಾನ್ ಎನ್‌ಎಂಆರ್, ಅಂದರೆ ಹೈಡ್ರೋಜನ್‌ಗಳ ಸಿಗ್ನಲ್. ಮೊದಲು ದ್ರಾವಕದ ಪೀಕ್ ಹೊಡೆದುಹಾಕಿ. ಡ್ಯುಟೀರಿಯಂ ಕ್ಲೋರೋಫಾರ್ಮ್ ಬಳಸಿದ್ದರೆ ಅದು 7.26 ಪಿಪಿಎಂನಲ್ಲಿ (ಎನ್‌ಎಂಆರ್‌ನಲ್ಲಿ ಪೀಕ್ ಇರುವ ಜಾಗದ ಅಳತೆ) ಇರುತ್ತದೆ. ಮಿಕ್ಕಿದ್ದು ಮೂರು ಸಿಗ್ನಲ್: 4.12, 2.04, 1.26. ಅವುಗಳ ವಿಸ್ತೀರ್ಣ 2, 3, 3, ಅಂದರೆ ಅಷ್ಟಷ್ಟು ಹೈಡ್ರೋಜನ್. ಫಾರ್ಮೇಟ್ ಆಗಿದ್ದರೆ 8ರ ಹತ್ತಿರ ಒಂದು ಹೈಡ್ರೋಜನ್ ಕಾಣಬೇಕಿತ್ತು. ಇಲ್ಲ, ಹಾಗಾಗಿ ಆ ಎರಡೂ ಹೋದವು.

4.12ರದ್ದು ನಾಲ್ಕಾಗಿ ಒಡೆದಿದೆ, 1.26ರದ್ದು ಮೂರಾಗಿ. ಪಕ್ಕದ ಕಾರ್ಬನ್ ಮೇಲೆ ಎಷ್ಟು ಹೈಡ್ರೋಜನ್ ಇವೆಯೋ ಅದಕ್ಕೆ ಒಂದು ಸೇರಿಸಿದಷ್ಟು ಗೆರೆ ಬರುತ್ತದೆ. ಅಂದರೆ ಇಲ್ಲಿ ಈಥೈಲ್ ಗುಂಪಿದೆ: 2 ಹೈಡ್ರೋಜನ್ ಇರುವ ಕಾರ್ಬನ್ ಪಕ್ಕ 3 ಹೈಡ್ರೋಜನ್ ಇರುವ ಕಾರ್ಬನ್. 2.04ರದ್ದು ಒಡೆದಿಲ್ಲ, ಅದು ಪಕ್ಕದಲ್ಲಿ ಹೈಡ್ರೋಜನ್ ಇಲ್ಲದ ಮೀಥೈಲ್ (3 ಹೈಡ್ರೋಜನ್ ಇರುವ ಒಂದು ಕಾರ್ಬನ್).

ಇಲ್ಲೇ ಜನ ಎಡವುವುದು. ಉಳಿದ ಎರಡು ಎಸ್ಟರ್‌ಗಳಲ್ಲೂ ಈಥೈಲ್ ಇದೆ, ಒಂಟಿ ಮೀಥೈಲ್ ಇದೆ. ಎರಡರಲ್ಲೂ ಪೀಕ್‌ಗಳು ಒಂದೇ ರೀತಿ ಒಡೆಯುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಜಾಗದಲ್ಲಿ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುತ್ತದೆ, ಅದಕ್ಕೆ ಅಂಟಿದ ಕಾರ್ಬನ್‌ನ ಹೈಡ್ರೋಜನ್‌ಗಳು 4ರ ಕಡೆ ಸರಿಯುತ್ತವೆ. ನಮ್ಮಲ್ಲಿ 4.12ಕ್ಕೆ ಹೋಗಿರುವುದು ನಾಲ್ಕಾಗಿ ಒಡೆದ ಸಿಗ್ನಲ್. ಅಂದರೆ ಆಕ್ಸಿಜನ್ ಪಕ್ಕ ಇರುವುದು ಈಥೈಲ್, ಅಲ್ವಾ? ಮೀಥೈಲ್ ಪ್ರೊಪನೋಯೇಟ್ ಆಗಿದ್ದರೆ ಒಂಟಿ ಮೀಥೈಲ್ 3.67ರಲ್ಲಿ ನಿಂತು, ನಾಲ್ಕಾಗಿ ಒಡೆದದ್ದು 2.3ಕ್ಕೆ ಇಳಿಯುತ್ತಿತ್ತು. ಹಾಗಾಗಿ ಇದು ಈಥೈಲ್ ಅಸಿಟೇಟ್. ನೇಲ್ ಪಾಲಿಶ್ ತೆಗೆಯುವ ಹಲವು ದ್ರವಗಳಲ್ಲಿ ಇರುವುದು ಇದೇ.

ಉತ್ತರ ಸಿಕ್ಕ ಮೇಲೂ ಒಮ್ಮೆ ಪರೀಕ್ಷಿಸಿ. ಕಾರ್ಬನ್ ಎನ್‌ಎಂಆರ್‌ನಲ್ಲಿ 171, 60, 21, 14ರಲ್ಲಿ ನಾಲ್ಕು ಪೀಕ್ ಸಿಗಬೇಕು. 77ರ ಸುತ್ತ ಕಾಣುವುದು ದ್ರಾವಕ. ಡೆಪ್ಟ್-135 (ಎರಡು ಹೈಡ್ರೋಜನ್ ಇರುವ ಕಾರ್ಬನ್‌ಗಳನ್ನು ತಲೆಕೆಳಗಾಗಿ ತೋರಿಸುವ ಕಾರ್ಬನ್ ಎನ್‌ಎಂಆರ್) ತೆಗೆಸಿದರೆ 60ರ ಪೀಕ್ ಮಾತ್ರ ತಲೆಕೆಳಗಾಗಬೇಕು, ಏಕೆಂದರೆ ಆ ಕಾರ್ಬನ್ ಮೇಲೆ ಎರಡು ಹೈಡ್ರೋಜನ್ ಇವೆ. ಮಾಸ್‌ನ 43 ಕೂಡ ಈಗ ಹೊಂದುತ್ತದೆ, ಅದು ಅಸಿಟೈಲ್ ಚೂರು, ಅಂದರೆ ಮೀಥೈಲ್ ಮತ್ತು ಅದಕ್ಕೆ ಅಂಟಿದ ಕಾರ್ಬನ್-ಆಕ್ಸಿಜನ್ ದ್ವಿಬಂಧ. ಮೀಥೈಲ್ ಪ್ರೊಪನೋಯೇಟ್ ಆಗಿದ್ದರೆ ಆ ಜಾಗದಲ್ಲಿ 57 ಎದ್ದು ಕಾಣುತ್ತಿತ್ತು. ಜಪಾನಿನ ಎಸ್‌ಡಿಬಿಎಸ್ ಎಂಬ ಆನ್‌ಲೈನ್ ಸಂಗ್ರಹದಲ್ಲಿರುವ ಸ್ಪೆಕ್ಟ್ರಮ್‌ಗಳ ಜೊತೆ ಹೋಲಿಸಿ ನೋಡಬಹುದು. ಅಣು ದೊಡ್ಡದಾದರೆ ಕೋಸಿ, ಎಚ್‌ಎಂಬಿಸಿ ಎಂಬ ಎರಡು ಆಯಾಮದ ಎನ್‌ಎಂಆರ್ ಕೂಡ ಬೇಕಾಗುತ್ತದೆ.