ಬೇಟೆ ಚಾಕು: ಹದ ನೋಡಿ ಕೊಳ್ಳಿ, ಕೈಯಾರೆ ಮಸೆಯಿರಿ

ಹೋದ ತಿಂಗಳು ತಮ್ಮನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. "ದೊಡ್ಡಪ್ಪ, ಒಂದು ಒಳ್ಳೆ ಹಂಟಿಂಗ್ ನೈಫ್ ತಗೋಬೇಕು, ಲಿಂಕ್ ಕಳಿಸಿದೀನಿ, ನೋಡಿ ಹೇಳಿ" ಅಂದ. ನೋಡಿದೆ. ಒಂದು ಅಡಿ ಉದ್ದದ ಕಪ್ಪು ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಹಿಡಿ ಬಿಚ್ಚಿದರೆ ಒಳಗೆ ಬೆಂಕಿಕಡ್ಡಿ, ಗಾಳದ ದಾರ. "ಇದು ಶೋಕೇಸಿಗೆ ಚೆನ್ನಾಗಿದೆ ಕಣೋ, ಇದರಲ್ಲಿ ಒಂದು ಈರುಳ್ಳಿ ಹೆಚ್ಚೋಕೂ ಆಗಲ್ಲ" ಅಂದೆ. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಆ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕಥೆಯಲ್ಲಿ ಮಾತ್ರ ಇರಬೇಕಾದದ್ದು. ಅಮೆರಿಕದಲ್ಲಿರುವ ನಮ್ಮವರು ಕೆಲವರು ಲೈಸೆನ್ಸ್ ತಗೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ, ಅದು ಅಲ್ಲಿನ ಕಾನೂನು. ಇಲ್ಲಿ ನಮಗೆ ಬೇಟೆ ಚಾಕು ಅಂದರೆ ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಇರುವ ಗಟ್ಟಿ ಸಣ್ಣ ಚಾಕು. ಹಗ್ಗ ಕೊಯ್ಯೋಕೆ, ಬಳ್ಳಿ ಸವರೋಕೆ, ಮೀನು ಸೀಳೋಕೆ, ಊರಹಬ್ಬದಲ್ಲಿ ಕೋಳಿ ಕುರಿ ಹಸನು ಮಾಡೋಕೆ. ಕೆಲಸ ಒಂದೇ, ಹಾಗಾಗಿ ಬೇಕಾದ ಗುಣಗಳೂ ಹೆಚ್ಚು ಕಡಿಮೆ ಒಂದೇ.

ಹಿಡಿಯ ವಿಷಯದಲ್ಲೂ ಕಾನೂನು ಬರುತ್ತೆ. ಜಿಂಕೆ ಕೊಂಬಿನ ಹಿಡಿ, ಕಡವೆ ಕೊಂಬಿನ ಹಿಡಿ ಅಂತ ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೇ ಬೇಡಿ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಗಲಾಟೆ ಎಷ್ಟು ದೂರ ಹೋಯಿತು ಅಂತ ನೆನಪಿದೆ ಅಲ್ವಾ? ಸುಮ್ನೆ ಒಂದು ಚಾಕುವಿನ ಚಂದಕ್ಕೆ ಅರಣ್ಯ ಇಲಾಖೆ ಮೆಟ್ಟಿಲು ಹತ್ತಬೇಕಾ? ಬೀಟೆ ಮರ, ಹಲಸಿನ ಮರದ ಹಿಡಿ ಅದಕ್ಕಿಂತ ಚೆನ್ನಾಗಿ ಕೈಗೆ ಕೂರುತ್ತೆ.

ಈಗ ಉದ್ದ. ಎಲ್ಲರೂ ತಪ್ಪೋದು ಇಲ್ಲೇ. ದೊಡ್ಡದು ಬೇಕು ಅನ್ನಿಸುತ್ತೆ, ತಗೊಂಡ ಮೇಲೆ ಅದು ಮನೆಯಲ್ಲೇ ಉಳಿಯುತ್ತೆ. ಅಲಗು ನಾಲ್ಕು ಇಂಚು ಇದ್ದರೆ ಸಾಕು, ಅಂದರೆ ನಿಮ್ಮ ಅಂಗೈ ಅಗಲಕ್ಕಿಂತ ಚೂರು ಜಾಸ್ತಿ. ಚರ್ಮ ಸುಲಿಯುವಾಗ ತೋರುಬೆರಳು ಅಲಗಿನ ಬೆನ್ನಿನ ಮೇಲೆ ಚಾಚಿ ಮೊನೆಯ ಹತ್ತಿರ ಬರಬೇಕು, ಆಗಲೇ ಮೊನೆ ಎಲ್ಲಿ ಹೋಗುತ್ತಿದೆ ಅಂತ ಬೆರಳಿಗೆ ಗೊತ್ತಾಗೋದು. ಎಂಟು ಇಂಚಿನ ಅಲಗಿನಲ್ಲಿ ಇದು ಆಗಲ್ಲ. ಕಡಿಯುವ ಕೆಲಸ ಇದ್ದರೆ ಅದಕ್ಕೆ ಬೇರೆ ಕತ್ತಿ ಇದೆ, ಮಚ್ಚು ಇದೆ. ಒಂದರಲ್ಲೇ ಎರಡೂ ಮಾಡುತ್ತೇನೆ ಅಂತ ಹೊರಟರೆ ಎರಡೂ ಆಗಲ್ಲ. ಅಂದಹಾಗೆ ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕು ಆಯುಧದ ಪಟ್ಟಿಗೆ ಸೇರುತ್ತೆ, ಮನೆಗೆಲಸ ಕೃಷಿ ಕೆಲಸಕ್ಕೆ ಅಂತಲೇ ಮಾಡಿದ್ದನ್ನು ಬಿಟ್ಟು. ಸಣ್ಣದೇ ಆದರೂ ಬಸ್ ಸ್ಟ್ಯಾಂಡಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬೇಡಿ, ಅಷ್ಟೇ.

ಅಲಗು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಅಂತ ನೋಡಿ. ಹಿಡಿಯ ಕೊನೆತನಕ ಉಕ್ಕು ಹೋಗಿ, ಎರಡೂ ಕಡೆ ಮರದ ಚಕ್ಕೆ ಇಟ್ಟು ರಿವೆಟ್ ಹೊಡೆದಿದ್ದರೆ ಜೀವಮಾನ ಬಾಳುತ್ತೆ. ತಮ್ಮನ ಮಗ ಕಳಿಸಿದಂಥ ಟೊಳ್ಳು ಹಿಡಿಯದ್ದರಲ್ಲಿ ಅಲಗಿನ ಬುಡ ಒಂದು ನಟ್ಟಿನ ಮೇಲೆ ನಿಂತಿರುತ್ತೆ, ಬಲ ಹಾಕಿದ ದಿನ ಕೈಗೆ ಬರುತ್ತೆ. ಮಡಚುವ ಚಾಕು ಜೇಬಿಗೆ ಸರಿ, ಆದರೆ ಮಾಂಸದ ಕೆಲಸಕ್ಕೆ ತಂದರೆ ಕೀಲಿನ ಸಂದಿಗೆ ಕೊಬ್ಬು ರಕ್ತ ಸೇರಿಕೊಂಡು ಮೂರು ದಿನಕ್ಕೆ ನಾತ ಹೊಡೆಯುತ್ತೆ. ಬೆನ್ನು ಮೂರು ಮಿಲಿಮೀಟರ್ ದಪ್ಪ ಇದ್ದರೆ ಸಾಕು, ಐದಾರು ಮಿಲಿಮೀಟರ್ ಇದ್ದರೆ ಅದು ಚಾಕು ಅಲ್ಲ, ಉಳಿ.

ಇನ್ನು ಉಕ್ಕು. ಸ್ಟೇನ್‌ಲೆಸ್ಸಾ ಕಾರ್ಬನ್ನಾ ಅಂತ ಜಗಳ ಆಡುವವರು ಬೇಕಾದಷ್ಟು ಜನ ಇದ್ದಾರೆ. ಮಳೆಗಾಲದಲ್ಲಿ ತೋಟದಲ್ಲೇ ಇರುವವರು, ಒರೆಸುವ ತಾಳ್ಮೆ ಇಲ್ಲದವರು ಸ್ಟೇನ್‌ಲೆಸ್ ತಗೊಳ್ಳಿ. ಸ್ವೀಡನ್ನಿನ ಮೋರಾ ಚಾಕುಗಳಂಥ ಸಾದಾ ಪ್ಲಾಸ್ಟಿಕ್ ಹಿಡಿಯವು ನೋಡೋಕೆ ಏನೂ ಅಲ್ಲ, ಕೆಲಸಕ್ಕೆ ಬಹಳ ಒಳ್ಳೆಯವು. ನನಗೆ ಮಾತ್ರ ಕಾರ್ಬನ್ ಉಕ್ಕೇ ಇಷ್ಟ, ಬೇಗ ಮಸೆಯಬಹುದು. ಅಡಿಕೆ ಸುಲಿದರೆ ಕಪ್ಪಾಗುತ್ತೆ ಅಂತ ಹೆದರಬೇಡಿ, ಅದು ಅಡಿಕೆ ಚೊಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ. ಕೆಂಪು ತುಕ್ಕು ಬೇರೆ, ಈ ಕಪ್ಪು ಬೇರೆ. ಕಪ್ಪು ಕೂತರೆ ತುಕ್ಕು ಬರೋದು ಕಮ್ಮಿ ಆಗುತ್ತೆ.

ಆದರೆ ಉಕ್ಕಿನ ಹೆಸರಿಗಿಂತ ದೊಡ್ಡದು ಹದ, ಅಂದರೆ ಉಕ್ಕನ್ನು ಕಾಯಿಸಿ, ಅದ್ದಿ ಬೇಕಾದಷ್ಟು ಗಟ್ಟಿ ಮಾಡೋದು. ಒಂದೇ ಉಕ್ಕಿಗೆ ಒಬ್ಬರು ಹದ ಹಾಕಿದ್ದು ಹತ್ತು ವರ್ಷ ಬರುತ್ತೆ, ಇನ್ನೊಬ್ಬರು ಹಾಕಿದ್ದು ಮೊದಲ ವಾರದಲ್ಲೇ ಬಾಯಿ, ಅಂದರೆ ಕೊಯ್ಯುವ ಅಂಚು, ಮುರಿಯುತ್ತೆ, ಇಲ್ಲಾ ತಗಡಿನ ಹಾಗೆ ಮಡಚುತ್ತೆ. ನಮ್ಮ ಕಡೆ ಕುಲುಮೆಗಳಲ್ಲಿ ಲಾರಿಯ ಕಮಾನ್ ಪಟ್ಟಿಯಿಂದ ಕತ್ತಿ ಮಾಡುತ್ತಾರೆ. ಅದು ಒಳ್ಳೆ ಉಕ್ಕು, ಶೇಕಡಾ 0.6ರ ಆಸುಪಾಸು ಕಾರ್ಬನ್ ಇರುತ್ತೆ. ಅದನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತಕ್ಕೆ ಅಂಟದಷ್ಟು ಕಾದ ಮೇಲೆ ಇನ್ನೊಂಚೂರು ಕಾಯಿಸಿ ಎಣ್ಣೆಗೆ ಅದ್ದಬೇಕು. ಆಗ ಅದು ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೇ ಒಡೆಯುತ್ತೆ ಕೂಡ. ಮತ್ತೆ 200 ಡಿಗ್ರಿ ಆಸುಪಾಸಿನಲ್ಲಿ ಸಣ್ಣಗೆ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದಾಗ ನಿಲ್ಲಿಸಿದರೆ ಗಟ್ಟಿತನವೂ ಉಳಿಯುತ್ತೆ, ಒಡೆಯೋದೂ ತಪ್ಪುತ್ತೆ. ಆಚಾರಿಗಳಿಗೆ ಇದು ಕಣ್ಣಿನ ಅಳತೆ, ಅದಕ್ಕೇ ಬಹಳ ಜನ ಸಂಜೆ ಕತ್ತಲಾಗುವಾಗ ಹದ ಹಾಕೋದು. ಬಿಸಿಲಲ್ಲಿ ಕೆಂಪು ಎಷ್ಟು ಅಂತ ಕಾಣಲ್ಲ.

ಹದ ನೋಡೋಕೆ ನಿಮ್ಮ ಹತ್ತಿರ ಒಂದು ಹಳೇ ಅರ ಇದ್ದರೆ ಸಾಕು. ಅಂಗಡಿಯವರನ್ನು ಕೇಳಿ, ಬಾಯಿಯ ಬುಡದಲ್ಲಿ ಕಾಣದ ಕಡೆ ಅರದ ಅಂಚನ್ನು ಮೆಲ್ಲಗೆ ತಾಗಿಸಿ. ಅರ ಜಾರಿದರೆ, ಅಥವಾ ಬಹಳ ಕಷ್ಟಪಟ್ಟು ಕಚ್ಚಿದರೆ ಹದ ಇದೆ. ಹಲಸಿನ ತೊಳೆಗೆ ಚಾಕು ಹಾಕಿದ ಹಾಗೆ ಸಲೀಸಾಗಿ ಕಚ್ಚಿದರೆ ಅದು ಬರೀ ಪಟ್ಟಿ. ಕುಲುಮೆಯಲ್ಲೇ ಮಾಡಿಸುವುದಾದರೆ ಸಾಣೆ ಚಕ್ರಕ್ಕೆ ಹಿಡಿದಾಗ ಕಿಡಿ ನೋಡಿ. ಕಾರ್ಬನ್ ಇರುವ ಉಕ್ಕಿನ ಕಿಡಿ ಸುರುಸುರುಬತ್ತಿಯ ಹಾಗೆ ಕವಲು ಕವಲಾಗಿ ಒಡೆಯುತ್ತೆ. ಮೆದು ಕಬ್ಬಿಣದ್ದು ಉದ್ದ ಗೆರೆ ಎಳೆದು ಹಾಗೇ ಆರಿಹೋಗುತ್ತೆ.

ಮಡಿಕೇರಿ ಕಡೆ ಹೋದವರು ನೆನಪಿಗೆ ಅಂತ ಕೊಡವರ ಸೊಂಟದ ಕತ್ತಿ ಪೀಚೆಕತ್ತಿ ತರುತ್ತಾರೆ. ಸೊಂಟಕ್ಕೆ ಸುತ್ತುವ ಚೇಲೆಗೆ ಸಿಕ್ಕಿಸಿ ಮದುವೆಗೆ ಹೋಗೋಕೆ ಅದಕ್ಕಿಂತ ಚಂದದ್ದು ಇಲ್ಲ. ಆದರೆ ಅಂಗಡಿಯಲ್ಲಿ ಮಾರುವ ಬಹಳಷ್ಟು ಅಲಂಕಾರಕ್ಕೆ ಮಾಡಿದವು, ಕೋಳಿ ಕೊಯ್ಯೋಕೆ ತೆಗೆಯಬೇಡಿ. ಹಾಗೇ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಡಮಾಸ್ಕಸ್ ಅನ್ನುವ ಅಲೆಅಲೆ ಗೆರೆಯ ಚಾಕುಗಳು. ಎಷ್ಟೋ ಸಲ ಆ ಗೆರೆ ಮೇಲೆ ಬರೆದದ್ದು, ನಾಲ್ಕು ಸಲ ಮಸೆದರೆ ಮಾಯ.

ಚಾಕು ಕೊಳ್ಳೋದು ಒಂದು ದಿನದ ಕೆಲಸ. ಮಸೆಯೋದು ಇರೋತನಕ ಇದ್ದದ್ದೇ. ಒಂದು ಸಲ ನನಗೆ ಇದು ಗೊತ್ತಾಗದೆ, ಅಪ್ಪ ಮಾಡಿಸಿದ್ದ ಚಾಕುವನ್ನು ಸಂತೆಯಲ್ಲಿ ಮೋಟಾರ್ ಚಕ್ರ ಇಟ್ಟುಕೊಂಡಿದ್ದವನಿಗೆ ಕೊಟ್ಟೆ. ಕಿಡಿ ಹಾರಿಸಿ ಎರಡು ನಿಮಿಷದಲ್ಲಿ ಕೊಟ್ಟ, ಇಪ್ಪತ್ತು ರೂಪಾಯಿ ತಗೊಂಡ. ಮನೆಗೆ ಬಂದು ನೋಡಿದರೆ ಬಾಯಿಯ ಉದ್ದಕ್ಕೂ ನವಿಲು ಬಣ್ಣದ ನೀಲಿ. ಚಂದ ಕಂಡಿತು. ಅದು ಹದ ಇಳಿದ ಗುರುತು ಅಂತ ಆಮೇಲೆ ನಮ್ಮೂರ ಆಚಾರಿ ಹೇಳಿದರು: 300 ಡಿಗ್ರಿ ಸುತ್ತ ಕಾದರೆ ಉಕ್ಕು ಆ ಬಣ್ಣಕ್ಕೆ ಬರುತ್ತೆ, ಅಲ್ಲಿಗೆ ಬಾಯಿ ಮೆದು. ಆ ನೀಲಿ ಭಾಗವನ್ನು ಕೈಯಲ್ಲಿ ಉಜ್ಜಿ ತೆಗೆಯೋಕೆ ನನಗೆ ಎರಡು ಭಾನುವಾರ ಹಿಡಿಯಿತು. ಚಕ್ರಕ್ಕೆ ಕೊಡಲೇಬೇಕಾದರೆ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟು, ಕ್ಷಣಕ್ಕೊಮ್ಮೆ ಅದ್ದುವವರಿಗೆ ಮಾತ್ರ ಕೊಡಿ.

ಕಲ್ಲು ದುಬಾರಿಯದು ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ ಒರಟು, ಇನ್ನೊಂದು ಕಡೆ ನಯ ಇರುವ ಕಾರ್ಬೊರಂಡಂ ಕಲ್ಲು ಸಿಗುತ್ತೆ. ಅದರಿಂದ ಶುರು ಮಾಡಿ, ಕೈ ಕೂತ ಮೇಲೆ 1000 ನಂಬರಿನ ನೀರುಗಲ್ಲು (ನೀರು ಹಾಕಿ ಮಸೆಯುವ ಕಲ್ಲು; ನಂಬರ್ ಹೆಚ್ಚಾದಷ್ಟೂ ನಯ) ತಗೊಳ್ಳಿ. ಕಾರ್ಬೊರಂಡಂ ಕಲ್ಲಿಗೆ ನೀರೋ ಎಣ್ಣೆಯೋ, ಒಂದನ್ನು ಹಿಡಿದರೆ ಅದನ್ನೇ ಇಟ್ಟುಕೊಳ್ಳಿ, ಎಣ್ಣೆ ಕುಡಿದ ಕಲ್ಲಿಗೆ ಆಮೇಲೆ ನೀರು ಹಿಡಿಸಲ್ಲ. ಕಲ್ಲು ಜಾರದ ಹಾಗೆ ಕೆಳಗೆ ಒದ್ದೆ ಗೋಣಿಚೀಲದ ತುಂಡು ಹಾಕಿ.

ಎಲ್ಲರಿಗೂ ಕಷ್ಟ ಆಗೋದು ಓರೆ ಎಷ್ಟು ಹಿಡಿಯಬೇಕು ಅನ್ನೋದು. ಒಂದು ಕಾಗದದ ಮೂಲೆ ತಗೊಳ್ಳಿ, ಅದು 90 ಡಿಗ್ರಿ. ಅಂಚಿಗೆ ಅಂಚು ಸೇರಿಸಿ ಮಡಚಿದರೆ 45. ಇನ್ನೊಂದು ಸಲ ಮಡಚಿದರೆ 22ರ ಹತ್ತಿರ. ಆ ಮಡಿಕೆಯನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಅದಕ್ಕೆ ಒರಗಿಸಿ ನೋಡಿ, ಅಷ್ಟು ಓರೆ ಕೈಗೆ ಅಭ್ಯಾಸ ಆದರೆ ಸಾಕು. ಒಂದು ಇಂಚು ಅಗಲದ ಅಲಗಾದರೆ ಬೆನ್ನು ಕಲ್ಲಿನಿಂದ ಸುಮಾರು 9 ಮಿಲಿಮೀಟರ್ ಮೇಲಿರುತ್ತೆ. ಇನ್ನೂ ಅನುಮಾನ ಇದ್ದರೆ ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಲ್ಲಿ ಬಳಿದು ನಾಲ್ಕು ಸಲ ಮಸೆಯಿರಿ. ಮೇಲಿನ ಬಣ್ಣ ಮಾತ್ರ ಹೋಗಿದ್ದರೆ ಬೆನ್ನು ಇನ್ನೂ ಸ್ವಲ್ಪ ಎತ್ತಬೇಕು. ಬರೀ ತುದಿಯಂಚಿನದು ಹೋಗಿದ್ದರೆ ಇಳಿಸಬೇಕು. ಪೂರ್ತಿ ಹೋದರೆ ನೀವು ಸರಿಯಾಗಿ ಹಿಡಿದಿದ್ದೀರಿ.

ಒರಟು ಕಡೆಯಲ್ಲಿ ಒಂದೇ ಮಗ್ಗುಲನ್ನು ಮಸೆಯುತ್ತಾ ಹೋಗಿ, ಬುಡದಿಂದ ಮೊನೆಯ ತನಕ. ಮೊನೆಯ ಹತ್ತಿರ ಅಲಗು ಬಾಗುವ ಕಡೆ ಹಿಡಿಯನ್ನು ಚೂರು ಎತ್ತಬೇಕು, ಇಲ್ಲದಿದ್ದರೆ ಮೊನೆ ಮೊಂಡಾಗಿಯೇ ಉಳಿಯುತ್ತೆ. ಜೋರಾಗಿ ಒತ್ತಬೇಡಿ. ಎಷ್ಟು ಸಲ ಅಂತ ಎಣಿಸಲೂ ಬೇಡಿ. ನಡುನಡುವೆ ಇನ್ನೊಂದು ಮಗ್ಗುಲಿನಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ, ಮೆಲ್ಲಗೆ ಜಾರಿಸಿ. ಎಂದೂ ಬಾಯಿಯ ಉದ್ದಕ್ಕೆ ಎಳೆಯಬೇಡಿ. ಒಂದು ಹೊತ್ತಿಗೆ ಅಂಚಿನಲ್ಲಿ ಬೆರಳಿಗೆ ಏನೋ ತಡೆಯುತ್ತೆ, ಕತ್ತರಿಸಿದ ಉಗುರು ಬಟ್ಟೆಗೆ ಸಿಕ್ಕಿಕೊಳ್ಳುತ್ತಲ್ಲ, ಹಾಗೆ. ಇದನ್ನೇ ಬರ್ ಅನ್ನೋದು. ಉಕ್ಕು ಸವೆದು ಸವೆದು ಈ ಕಡೆಯ ಅಂಚು ಆ ಕಡೆಗೆ ಮಡಚಿದೆ ಅಂತ ಅರ್ಥ. ಬುಡದಿಂದ ಮೊನೆತನಕ ಎಲ್ಲ ಕಡೆ ಅದು ಸಿಗಬೇಕು. ಸಿಗುವ ಮುಂಚೆ ಮಗ್ಗುಲು ಬದಲಿಸಿದ್ದರಿಂದಲೇ "ಎಷ್ಟು ಮಸೆದರೂ ಹರಿತ ಬರಲ್ಲ" ಅನ್ನೋ ದೂರು ಬರೋದು.

ಸಿಕ್ಕ ಮೇಲೆ ಮಗ್ಗುಲು ತಿರುಗಿಸಿ ಅದೇ ಕೆಲಸ. ಆಮೇಲೆ ನಯ ಕಡೆಯಲ್ಲಿ ಎರಡೂ ಮಗ್ಗುಲು, ಕೊನೆಗೆ ಆ ಕಡೆ ಒಂದು, ಈ ಕಡೆ ಒಂದು ಅಂತ ಹಗುರ ಕೈಯಲ್ಲಿ ಹತ್ತಿಪ್ಪತ್ತು ಸಲ. ಈಗ ಉಳಿದ ಸಣ್ಣ ಬರ್ ತೆಗೆಯೋಕೆ ಹಳೇ ಚರ್ಮದ ಬೆಲ್ಟನ್ನು ಹಲಗೆಗೆ ಮೊಳೆ ಹೊಡೆದು, ಅದರ ಒರಟು ಮಗ್ಗುಲಿಗೆ ಹಿತ್ತಾಳೆ ಪಾಲಿಶ್ ಹಚ್ಚಿ, ಬೆನ್ನು ಮುಂದೆ ಮಾಡಿ ಎಳೆಯಿರಿ. ಬಾಯಿ ಮುಂದಾದರೆ ಬೆಲ್ಟೇ ತುಂಡಾಗುತ್ತೆ. ಹಿಂದೆ ಕ್ಷೌರದವರು ಪಟ್ಟಿಗೆ ಕತ್ತಿ ಎಳೆಯುತ್ತಿದ್ದರಲ್ಲ, ಅದೇ. ಹೆಂಡ ಇಳಿಸುವವರು ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಹಾಕಿ ಉಜ್ಜುತ್ತಾರೆ. ತೆಂಗಿನ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೊಯ್ಯೋಕೆ ಅಂಥ ಹರಿತ ಬೇಕು.

ನ್ಯೂಸ್‌ಪೇಪರ್ ಅಂಚನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ. ಹರಿಯದೆ ಸುಯ್ ಅಂತ ಹೋದರೆ ಆಯಿತು. ಎಲ್ಲೋ ಒಂದು ಕಡೆ ತಡೆದರೆ ಆ ಜಾಗದಲ್ಲಿ ಬರ್ ಉಳಿದಿದೆ. ಇನ್ನು ಮೇಲೆ ಚಾಕು ಮೊಂಡಾಗುವ ತನಕ ಕಾಯಬೇಡಿ. ಕೆಲಸ ಮುಗಿದ ದಿನ ಬೆಲ್ಟಿಗೆ ಹತ್ತು ಸಲ ಎಳೆದಿಟ್ಟರೆ ಕಲ್ಲಿನ ಕೆಲಸ ತಿಂಗಳುಗಟ್ಟಲೆ ಬರಲ್ಲ. ಮತ್ತೆ, ಈ ತೆಳು ಬಾಯಿಯಲ್ಲಿ ಮೂಳೆ ಕಡಿಯಬೇಡಿ, ಕೀಲಿನ ಸಂದಿ ಹುಡುಕಿ ಬಿಡಿಸಿ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಹೆಚ್ಚಬೇಡಿ.

ಇಡುವ ವಿಷಯ. ಚರ್ಮದ ಒರೆ ಸಾಗಿಸೋಕೆ, ಇಡೋಕಲ್ಲ. ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಒರೆಯೊಳಗಿನ ಪಸೆ ದೀಪಾವಳಿ ತನಕ ಆರಲ್ಲ, ಚಾಕು ಒಳಗೇ ಚುಕ್ಕಿ ಚುಕ್ಕಿ ತುಕ್ಕು ಹಿಡಿಯುತ್ತೆ. ತೊಳೆದು, ಪೂರ್ತಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ ಹೊರಗಿಡಿ. ಸೂರ್ಯಕಾಂತಿ ಎಣ್ಣೆ ಬೇಡ, ಅಂಟಂಟಾಗುತ್ತೆ.

ಇಷ್ಟೆಲ್ಲ ಮಾಡಿದರೂ ನಮ್ಮ ಮನೆಯಲ್ಲಿ ಚಾಕುವಿಗೆ ವರ್ಷಕ್ಕೊಮ್ಮೆ ತುಕ್ಕು ಹಿಡಿಯುತ್ತಿದ್ದದ್ದು ಆಯುಧಪೂಜೆಗೆ. ಒದ್ದೆ ಕುಂಕುಮ, ಅದರ ಮೇಲೆ ಕೊಯ್ದ ನಿಂಬೆಹಣ್ಣು, ರಾತ್ರಿಯೆಲ್ಲ ಹಾಗೇ. ಬೆಳಗ್ಗೆ ನೋಡಿದರೆ ಬೊಟ್ಟಿನ ಆಕಾರಕ್ಕೆ ಸರಿಯಾಗಿ ಕೆಂಪು ಗುಳಿ. ಪೂಜೆಗಿಟ್ಟದ್ದನ್ನು ಮುಟ್ಟಿ ಒರೆಸಿದರೆ ಅಮ್ಮ ಬೈಯುತ್ತಾಳೆ. ಅದಕ್ಕೆ ಈಗ ಹಿಂದಿನ ದಿನವೇ ಅಲಗಿಗೆ ಜೇನುಮೇಣ ಕರಗಿಸಿ ದಪ್ಪಗೆ ಬಳಿದಿಡುತ್ತೇನೆ, ನಿಂಬೆಹಣ್ಣನ್ನು ಹಿಡಿಯ ಪಕ್ಕ ಸರಿಸುತ್ತೇನೆ. ಅಮ್ಮನಿಗೆ ಇನ್ನೂ ಗೊತ್ತಾಗಿಲ್ಲ.