ಗೊರಕೆ ನಿಂತ ಮೇಲೆ

ಹೆಂಡತಿಯ ಮೇಲಿನ ಆಸೆ ಬತ್ತಿದ್ದಕ್ಕೆ ಗೊರಕೆ ಕಾರಣ ಎಂದಾಗ ನಮ್ಮ ಮುದ್ರಣಾಲಯದ ಪಾಳಿಯವರೆಲ್ಲ ನಕ್ಕರು. ಅವರಲ್ಲಿ ಇಬ್ಬರು ಈಗ ನನ್ನಿಂದಲೇ ಸಿಪ್ಯಾಪ್ ಯಂತ್ರದ (ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕ್ ಮೂಲಕ ಗಾಳಿ ಒತ್ತುವ ಯಂತ್ರ) ಅಂಗಡಿಯ ವಿಳಾಸ ಕೇಳಿ ಪಡೆದಿದ್ದಾರೆ.

ಹದಿನಾರು ವರ್ಷದ ರಾತ್ರಿ ಪಾಳಿ, ವಯಸ್ಸು 44, ತೂಕ 96 ಕಿಲೋ ಇದ್ದಿರಬೇಕು. ಮೊದಲು ಹೋದದ್ದು ತಿಂಗಳಿಗೊಮ್ಮೆ ಲಾಡ್ಜ್‌ನಲ್ಲಿ ಕೂರುವ ‘ಗುಪ್ತರೋಗ ತಜ್ಞ’ರ ಬಳಿಗೆ. ಲೇಹ್ಯ, ಭಸ್ಮ, ಎಣ್ಣೆ ಎಂದು ಸುಮಾರು 18,000 ರೂಪಾಯಿ ಹೋಯಿತು, ಎದೆಯುರಿ ಬಂದಿತು. ಆಮೇಲೆ ಯಾರನ್ನೂ ಕೇಳದೆ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ) ನುಂಗಿದೆ. ಅದು ರಕ್ತ ಹರಿಸುತ್ತದೆಯೇ ಹೊರತು ಆಸೆ ಹುಟ್ಟಿಸುವುದಿಲ್ಲ. ಒಲೆ ಹೊತ್ತಿತ್ತು, ಹಸಿವೆಯೇ ಇರಲಿಲ್ಲ.

ಗಂಡಸಿನ ಆಸೆಗೆ ಬೇಕಾದ ಹಾರ್ಮೋನು ಟೆಸ್ಟೊಸ್ಟೆರಾನ್, ಅದರ ಪರೀಕ್ಷೆಯಲ್ಲೂ ಎಡವಿದೆ. ಪಾಳಿಗೆ ಹೊರಡುವ ಮುನ್ನ ಸಂಜೆ ರಕ್ತ ಕೊಟ್ಟೆ, 210 ಬಂದಿತು, ಇರಬೇಕಾದ್ದಕ್ಕಿಂತ ಕಡಿಮೆ. ಚುಚ್ಚುಮದ್ದು ಹಾಕಿಸಿಕೊಳ್ಳಲು ಹೊರಟವನನ್ನು ವೈದ್ಯೆಯೊಬ್ಬರು ತಡೆದರು. ರಜೆ ಹಾಕಿ, ಕೆಲವು ರಾತ್ರಿ ಮಲಗಿ, ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಎರಡು ಸಲ ಕೊಡಿ ಎಂದರು. 270, ಮತ್ತೆ 280, ಆಗಲೂ ಕಡಿಮೆಯೇ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಎಲ್ಲ ಸರಿ. ಆಗ ಅವರು ನನ್ನನ್ನು ಬಿಟ್ಟು ನನ್ನಾಕೆಯನ್ನು ಕೇಳಿದರು: “ನಿದ್ದೆಯಲ್ಲಿ ಇವರ ಉಸಿರು ನಿಲ್ಲುತ್ತದೆಯೇ?”

“ಯಾವಾಗ ಮತ್ತೆ ಶುರುವಾಗುತ್ತದೋ ಎಂದು ಕಾದು ಕಾದು ನನ್ನ ನಿದ್ದೆಯೂ ಹೋಗಿದೆ” ಎಂದಳು. ಎರಡು ವರ್ಷ ಈ ಮಾತನ್ನು ನನಗೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಿದ್ರೆಯ ಪರೀಕ್ಷೆಗೆ ಒಂಬತ್ತು ಸಾವಿರದಷ್ಟಾಯಿತು. ಗಂಟೆಗೆ 38 ಸಲ ಉಸಿರು ತಡೆಯುತ್ತಿತ್ತು. ಹೀಗೆ ನಿದ್ದೆ ಕೆಟ್ಟೇ ಹಾರ್ಮೋನೂ ಇಳಿದಿರಬೇಕು. ಚೀಟಿ ಎತ್ತಿ 42,000ಕ್ಕೆ ಯಂತ್ರ ತಂದೆವು. ಮೊದಲ ತಿಂಗಳು ನಿದ್ದೆಗಣ್ಣಿನಲ್ಲೇ ಮಾಸ್ಕ್ ಕಿತ್ತೆಸೆಯುತ್ತಿದ್ದೆ, ಮೂಗಿನ ಮೇಲೆ ಹುಣ್ಣಾಯಿತು. ಅದಕ್ಕೆ ನಾನೇ ಕಂಡುಕೊಂಡ ಉಪಾಯವೊಂದಿದೆ, ಎದುರು ಸಿಕ್ಕವರಿಗೆ ಮಾತ್ರ ಹೇಳುತ್ತೇನೆ. ಹಗಲು ಪಾಳಿ ಕೇಳಿ ಪಡೆದೆ, ರಾತ್ರಿಯ ಅನ್ನ ಬಿಟ್ಟೆ, ಹತ್ತು ತಿಂಗಳಲ್ಲಿ 14 ಕಿಲೋ ಇಳಿದೆ.

ನಡುವೆ ಅಶ್ವಗಂಧವನ್ನು ಮೂರು ವಾರ ತಿಂದು ಮೂರು ವಾರ ಬಿಟ್ಟು ನೋಡಿದೆ. ನನಗಂತೂ ವ್ಯತ್ಯಾಸ ಕಾಣಲಿಲ್ಲ. ಜಾಯಿಕಾಯಿ ಹಾಲಿನಿಂದ ಮರುದಿನ ಮುದ್ರಣ ಯಂತ್ರದ ಮುಂದೆ ತೂಕಡಿಸಿದ್ದೇ ಲಾಭ. ಗೆಳೆಯನೊಬ್ಬ ಎಲ್ಲಕ್ಕೂ ರಕ್ತದೊತ್ತಡದ ಮಾತ್ರೆಯೇ ಕಾರಣವೆಂದು ತಾನಾಗಿಯೇ ನಿಲ್ಲಿಸಿ ಆಸ್ಪತ್ರೆ ಸೇರಿದ. ಮಾತ್ರೆಯ ಮೇಲೆ ಅನುಮಾನವಿದ್ದರೆ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು.

ಹೋದ ಯುಗಾದಿಯ ಹೊತ್ತಿಗೆ ಟೆಸ್ಟೊಸ್ಟೆರಾನ್ 430 ದಾಟಿತ್ತು. ಅಷ್ಟರಲ್ಲಿ ನಮ್ಮ ಕೋಣೆಯಲ್ಲೇ ಮಲಗುತ್ತಿದ್ದ ಮಗನಿಗೆ ಹಜಾರದಲ್ಲಿ ಪ್ಲೈವುಡ್ ಅಡ್ಡಗೋಡೆ ಹಾಕಿಸಬೇಕಾಯಿತು. ಅದಕ್ಕೆ ಬೇರೆ 11,000.