ಮಗುವಿಗೆ ಕೆಮ್ಮು, ಜ್ವರವೇ? ಉಸಿರು ಎಣಿಸುವುದು ಹೀಗೆ

ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗು, ಗಂಟಲಲ್ಲಿ ಸುಮ್ನೆ ಇದ್ದುಬಿಡುತ್ತದೆ. ಆದರೆ ಕೆಲವು ಮಕ್ಕಳಲ್ಲಿ, ಅದರಲ್ಲೂ 2 ವರ್ಷದೊಳಗಿನವರಲ್ಲಿ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ರಕ್ತಕ್ಕೆ ಸೇರಿದರೆ ಸೆಪ್ಸಿಸ್ (ಸೋಂಕಿನಿಂದ ದೇಹದ ಅಂಗಗಳೇ ಕೆಡುವ ಸ್ಥಿತಿ), ಮಿದುಳಿನ ಪೊರೆಗೆ ತಲುಪಿದರೆ ಮೆನಿಂಜೈಟಿಸ್. ಯಾವುದಾದರೂ ಸರಿ, ಬಿಗಡಾಯಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಕೆಮ್ಮು ಇದ್ದರೆ ಮೊದಲು ಉಸಿರು ಎಣಿಸಿ. ಮಗು ಅಳುವಾಗ, ಹಾಲು ಕುಡಿಯುವಾಗ ಬೇಡ. ಸಮಾಧಾನವಾಗಿ ಮಲಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಪುಟ್ಟ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ ಅಲ್ವಾ?

2ರಿಂದ 11 ತಿಂಗಳ ಮಗುವಿಗೆ 50, 1ರಿಂದ 5 ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನೇರ ಆಸ್ಪತ್ರೆಗೆ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಗೂ ಕಣ್ಣಿಡಿ. ಉಸಿರು ಎಳೆದಾಗಲೆಲ್ಲ ಅಲ್ಲಿ ಗುಳಿ ಬೀಳುತ್ತಿದ್ದರೆ ಎಣಿಕೆ ಮುಗಿಯುವವರೆಗೂ ಕಾಯಬೇಡಿ, ಹೊರಡಿ. ಹಾಲು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ನೀಲಿಗಟ್ಟಿದ ತುಟಿ, ಉಬ್ಬಿದ ನೆತ್ತಿ ಕಂಡರೂ ಅಷ್ಟೇ. ಬೆಳಗಾಗಲಿ ಅನ್ನಬೇಡಿ. ಎಳೆಗೂಸಿಗೆ ಮೆನಿಂಜೈಟಿಸ್ ಆಗಿದ್ದರೂ ಕುತ್ತಿಗೆ ಬಿಗಿಯದೇ ಇರಬಹುದು. ಹಿಂದೆ ಉಳಿದಿದ್ದ ಆಂಟಿಬಯೋಟಿಕ್ ಕೊಟ್ಟು ನೋಡುವುದಂತೂ ಬೇಡವೇ ಬೇಡ.

ಬೇಗ ಚಿಕಿತ್ಸೆ ಸಿಕ್ಕರೆ ನ್ಯುಮೋನಿಯಾದಿಂದ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮೆನಿಂಜೈಟಿಸ್ ಮಾತ್ರ ಜೀವ ಉಳಿದ ಮೇಲೂ ಬಿಡುವುದಿಲ್ಲ. ಕಿವುಡುತನ, ಫಿಟ್ಸ್, ಕಲಿಕೆಯ ತೊಂದರೆ ಉಳಿಯಬಹುದು. ಜ್ವರ ಬಿಟ್ಟ ಖುಷಿಯಲ್ಲಿ ಮನೆಯವರು ಮರೆಯುವುದು ಕಿವಿಯನ್ನೇ. ಡಿಸ್ಚಾರ್ಜ್‌ಗೆ ಮುಂಚೆಯೇ ಶ್ರವಣ ಪರೀಕ್ಷೆ ಯಾವಾಗ ಎಂದು ಕೇಳಿ. ಚಪ್ಪಾಳೆಗೆ ತಿರುಗಿತು ಎಂದು ಸುಮ್ಮನಾಗಬೇಡಿ. ಒಂದೇ ಕಿವಿ ಕೇಳುತ್ತಿರಬಹುದು. ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಸುರುಳಿಯಾದ ಕಾಕ್ಲಿಯಾ ಮೂಳೆಗಟ್ಟತೊಡಗಿದರೆ, ಕೇಳಲು ನೆರವಾಗುವ ಇಂಪ್ಲಾಂಟ್ ಸಾಧನ ಕೂರಿಸುವುದೂ ಕಷ್ಟವಾಗುತ್ತದೆ.

ಇದನ್ನೆಲ್ಲ ತಡೆಯಲು ನ್ಯುಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ ಇದೆ. 6 ವಾರದಿಂದಲೇ ಕೊಡಬಹುದು. ನ್ಯುಮೊಕಾಕಸ್‌ನಲ್ಲಿ 100ಕ್ಕೂ ಹೆಚ್ಚು ಬಗೆಗಳಿವೆ, ಲಸಿಕೆ ತಡೆಯುವುದು ಹೆಚ್ಚು ಅಪಾಯಕಾರಿಯಾದ ಕೆಲವನ್ನು. ಹಾಗಾಗಿ ಲಸಿಕೆ ಆಗಿದ್ದರೂ ಕೆಮ್ಮು ಬಂದಾಗ ಉಸಿರು ಎಣಿಸಿ. ಯಾವುದಾದರೂ ಡೋಸ್ ತಪ್ಪಿದ್ದರೆ ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಿಲ್ಲ. ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಿ, ಉಳಿದದ್ದನ್ನು ಹಾಕಿಸಿ.